ನಮ್ಮ ಬೀದಿಗೆ ಚಳಿಗಾಲದ ಅರಿಕೆ

ಬೆಂಗಳೂರಿನ ಚಳಿಯ ವಿಷಯವಾಗಿ ನಾವು ಲೇಖನಿ ಹಿಡಿದೆವೆಂದರೆ ಉತ್ತರದೇಶದ ಚಳಿಯನ್ನು ಕಂಡುಬಂದ ವಾಚಕರು ನಕ್ಕಾರು. ನಗುವುದು ಸಹಜವೇ. ದೆಹಲಿಯಲ್ಲಿ ಬಹುಕಾಲ ಉದ್ಯೋಗದಲ್ಲಿದ್ದ ನಮ್ಮ ಬಂಧುಗಳೊಬ್ಬರು ಒಮ್ಮೆ ಮಾರ್ಗಶಿರದಲ್ಲಿ ನಮ್ಮಲ್ಲಿಗೆ ಬಂದಿದ್ದರು. ನಾವು ಕಿವಿಗೆ ಮಫ್ಲರು ಸುತ್ತಿ, ಅದರ ಮೇಲೊಂದು ಉಣ್ಣೆಯ ಟೋಪಿಯನ್ನಿಟ್ಟು, ಕಾಲುಚೀಲವನ್ನೂ ಏರಿಸಿ ಹಾಲು ತರಲು ಹೊರಟುದನ್ನು ಕಂಡು, ತೆಳ್ಳನೆಯ ಅಂಗಿಯಲ್ಲಿ ನಿಂತಿದ್ದ ಅವರು “ರಾಯರದು ಬದರೀಯಾತ್ರೆಯೋ, ಕೇದಾರವೋ?” ಎಂದು ಕೇಳಿದರು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮಿಕ್ಕು ಎತ್ತರದಲ್ಲಿರುವ ನಮ್ಮ ನಗರದಲ್ಲಿ ಜನವರಿಯ ರಾತ್ರಿಗಳ ಉಷ್ಣಮಾನ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ದಾಖಲೆಯಲ್ಲಿರುವ ಅತ್ಯಂತ ತಣ್ಣನೆಯ ರಾತ್ರಿ 1884ನೆಯ ಇಸವಿಯ ಜನವರಿಯದು. ಆಗಲೂ ಪಾದರಸ ಇಳಿದದ್ದು 7.8 ಡಿಗ್ರಿಯವರೆಗೆ ಮಾತ್ರ. ಇಲ್ಲಿ ಹಿಮ ಬೀಳದು, ಕೊಳಾಯಿಯ ನೀರು ಹೆಪ್ಪುಗಟ್ಟದು.

ಇಷ್ಟು ಸೌಮ್ಯವಾದ ಚಳಿಗೆ ನಿಯಮಗಳೇಕೆ, ಎಚ್ಚರಿಕೆಗಳೇಕೆ ಎಂದು ಕೇಳಬಹುದು. ಹೋದ ವರ್ಷದವರೆಗೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಚಳಿ ನಮ್ಮನ್ನು ಕೊಲ್ಲದಿರಬಹುದು. ಚಳಿಗೆ ಹೆದರಿ ನಾವು ಮಾಡಿಕೊಳ್ಳುವ ಏರ್ಪಾಡುಗಳು ಕೊಲ್ಲಬಲ್ಲವೆಂಬುದನ್ನು ಕಲಿಯಲು ನಮಗೆ ಅರುವತ್ತೇಳು ವರ್ಷ ಬೇಕಾಯಿತು.

ನಮ್ಮ ಮನೆ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿದೆ. ಈ ಭಾಗದಲ್ಲಿ ಚಳಿಗಾಲ ಬಂದಿತೆಂದು ಸಾರುವ ಅಧಿಕಾರ ಪಂಚಾಂಗಕ್ಕಿಂತ ಹೆಚ್ಚಾಗಿ ಕಡಲೆಕಾಯಿಗೆ ಸೇರಿದ್ದು. ಕಾರ್ತಿಕಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಪರಿಷೆ ನೆರೆಯುತ್ತದೆ. ಹಿಂದೆ ಸುಂಕೇನಹಳ್ಳಿ, ಮಾವಳ್ಳಿ ಮೊದಲಾದ ಗ್ರಾಮಗಳ ರೈತರ ಕಡಲೆಕಾಯಿಯ ಹೊಲಗಳನ್ನು ಬಸವನೊಂದು ರಾತ್ರಿಯಲ್ಲಿ ಬಂದು ಮೇಯುತ್ತಿತ್ತಂತೆ; ಅದನ್ನು ಒಲಿಸಿಕೊಳ್ಳಲು ಮೊದಲ ಫಸಲನ್ನು ತಂದು ಅರ್ಪಿಸುವ ವಾಡಿಕೆ ಬೆಳೆಯಿತೆಂದು ಐತಿಹ್ಯ. ಹೊಲಗಳು ಬೀದಿಗಳಾಗಿ ಎಷ್ಟೋ ಕಾಲವಾಯಿತು. ಬಸವನ ಪಾಲು ಮಾತ್ರ ತಪ್ಪಿಲ್ಲ. ಪರಿಷೆ ಮುಗಿದು ಸಿಪ್ಪೆಯನ್ನು ಗುಡಿಸುವ ಹೊತ್ತಿಗೆ ಸೊಗಡಿನ ಅವರೆಕಾಯಿ ಗಾಡಿಯೇರುತ್ತದೆ. ಆಮೇಲೆ ಧನುರ್ಮಾಸ, ನಸುಕಿನಲ್ಲೇ ಗುಡಿಗಳ ಗಂಟೆ, ಮೆಣಸು ಹಾಕಿದ ಬಿಸಿ ಹುಗ್ಗಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನಗಳು ತಡವಾದುವೆಂದು ಪತ್ರಿಕೆಗಳು ಬರೆಯುವುದೂ ಈ ದಿನಗಳಲ್ಲಿಯೇ. ಕಡೆಗೆ ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವೆ ಹಾಯ್ದ ಸೂರ್ಯರಶ್ಮಿ ಲಿಂಗವನ್ನು ಮುಟ್ಟಿತೆಂದರೆ ನಮ್ಮ ಚಳಿಗಾಲದ ಮುಖ್ಯ ಸಮಾಚಾರಗಳೆಲ್ಲ ಮುಗಿದಂತೆ.

ನಮ್ಮ ಬೀದಿಗೊಂದು ನಿವಾಸಿಗಳ ಸಂಘವುಂಟು. ಹಾಲಿನ ಬೂತಿನ ಪಕ್ಕದಲ್ಲಿ ಸಂಘದ ಹಲಗೆಯೊಂದು ತೂಗುತ್ತದೆ. ಪರಿಷೆಯ ವಾರದಲ್ಲಿ ಆ ಹಲಗೆಯ ಮೇಲೆ “ಚಳಿಗಾಲದ ಅರಿಕೆ” ಎಂಬ ಒಂದು ಪ್ರಕಟನೆಯನ್ನು ಅಂಟಿಸುವುದು ಪದ್ಧತಿ. ಅಕ್ಷರ ಗುಂಡಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಬರೆಯುವ ಭಾರ ಹಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಪರಿಷೆಗೆ ಹೋಗುವಾಗ ಮನೆಗೆ ಬೀಗ ಹಾಕಿರಿ. ಉದುರಿದ ಎಲೆಗಳನ್ನು ಬೀದಿಯಲ್ಲಿ ಸುಡಬೇಡಿರಿ. ವಾಹನಗಳನ್ನು ಪರರ ಬಾಗಿಲಿಗೆ ಅಡ್ಡ ನಿಲ್ಲಿಸಬೇಡಿರಿ. ಇಂಥ ನಾಲ್ಕೈದು ವಾಕ್ಯಗಳನ್ನು ಬರೆದು, ಕೆಳಗೆ ರುಜುಮಾಡಿ, ಲೋಕಕ್ಕೆ ಬುದ್ಧಿ ಹೇಳಿದ ತೃಪ್ತಿಯಿಂದ ನಾವು ಕಾಫಿ ಕುಡಿಯುತ್ತಿದ್ದೆವು. ಈ ವರ್ಷ ಸಂಘದ ಕಾರ್ಯದರ್ಶಿಯಾದ ತರುಣರು ಬಂದು, “ಸಾರ್, ಹಳೆಯದಕ್ಕೇ ತಾರೀಖು ಬದಲಾಯಿಸಿ ಹಾಕಿಬಿಡೋಣವೆ?” ಎಂದರು. ಬೇಡವೆಂದೆವು. ಏಕೆ ಬೇಡವೆಂದೆವೆಂಬುದನ್ನೇ ಇಲ್ಲಿ ಹೇಳಬೇಕಾಗಿದೆ. ಹೇಳುವುದು ಸುಖವಾದ ಕೆಲಸವಲ್ಲ, ತಪ್ಪು ನಮ್ಮದು.

ಮೂರು ವರ್ಷಗಳ ಹಿಂದೆ ನಾವು ಬಚ್ಚಲುಮನೆಯಲ್ಲಿ ಒಂದು ಗ್ಯಾಸ್ ಗೀಸರನ್ನು ಕೂರಿಸಿದೆವು. ವಿದ್ಯುತ್ತಿನ ಖರ್ಚು ಉಳಿಯುವುದೆಂಬುದು ಲೆಕ್ಕ. ತಂದು ಕೂರಿಸಿದವನು ಗೋಡೆಯ ಮೇಲ್ಭಾಗದಲ್ಲಿದ್ದ ಗವಾಕ್ಷಿಯನ್ನು ತೋರಿಸಿ, “ಇದನ್ನು ಮಾತ್ರ ಯಾವಾಗಲೂ ತೆಗೆದೇ ಇಡಿ, ಸ್ವಾಮಿ” ಎಂದು ಎರಡು ಸಲ ಹೇಳಿದನು. ಎರಡು ವರ್ಷ ಹಾಗೆಯೇ ಇಟ್ಟೆವು. ಆದರೆ ಹೋದ ವರ್ಷ ಚಳಿ ತುಸು ಮುಂಚೆಯೇ ಬಂದಿತು. ಸ್ನಾನಕ್ಕೆ ಕುಳಿತಾಗ ಆ ಗವಾಕ್ಷಿಯಿಂದ ಬೀಸುವ ಗಾಳಿ ನೇರವಾಗಿ ನಮ್ಮ ಎಡ ಹೆಗಲಿಗೆ ಬಡಿಯುತ್ತಿತ್ತು. ಹೆಗಲು ಹಳೆಯದು, ವಾಯುವಿನ ಬಾಧೆಯುಳ್ಳದ್ದು. ಒಂದು ಭಾನುವಾರ ನಾವು ಸ್ಟೂಲು ಹತ್ತಿ, ಹಳೆಯ ಪತ್ರಿಕೆಗಳನ್ನು ಮಡಿಸಿ ಗಾಜಿನ ಪಟ್ಟಿಗಳ ಸಂದಿಗೆ ತುರುಕಿ, ಮೇಲೊಂದು ರಟ್ಟನ್ನು ಹೊಂದಿಸಿ, ಗಾಳಿ ಎಳ್ಳಷ್ಟೂ ನುಸುಳದಂತೆ ಮಾಡಿದೆವು. ಕೆಲಸ ಅಚ್ಚುಕಟ್ಟಾಗಿತ್ತು. ಮನೆಯಾಕೆಯನ್ನು ಕರೆದು ತೋರಿಸಿ ಶಹಭಾಸ್ ಎನಿಸಿಕೊಂಡೆವು.

ಧನುರ್ಮಾಸದ ಒಂದು ಶುಕ್ರವಾರ. ಮಗ ಕೆಲಸದ ಮೇಲೆ ಪರಸ್ಥಳದಲ್ಲಿದ್ದನು. ಮನೆಯಾಕೆಯೂ ಸೊಸೆಯೂ ಗುಡಿಗೆ ಹೋಗಿದ್ದರು. ಹನ್ನೊಂದು ವರ್ಷದ ಮೊಮ್ಮಗಳು ಶಾಲೆಗೆ ರಜೆಯಾದುದರಿಂದ ನಿಧಾನವಾಗಿ ಎದ್ದು, ತಲೆಗೆ ನೀರೆರೆದುಕೊಳ್ಳುವೆನೆಂದು ಬಚ್ಚಲಿಗೆ ಹೋದಳು. ನಾವು ಮೊಗಸಾಲೆಯಲ್ಲಿ ಶಾಲು ಹೊದೆದು ಪತ್ರಿಕೆ ಓದುತ್ತಿದ್ದೆವು. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಸದ್ದು ಬರುತ್ತಿರುವವರೆಗೆ ಎಲ್ಲವೂ ಸರಿಯಾಗಿದೆಯೆಂದು ನಾವು ತಿಳಿದಿದ್ದೆವು. ಅಥವಾ, ನಿಜ ಹೇಳುವುದಾದರೆ, ಆ ವಿಷಯವಾಗಿ ಏನನ್ನೂ ತಿಳಿದಿರಲಿಲ್ಲ.

ಆಗ ಎದುರುಮನೆಯ ದೊಡ್ಡಮ್ಮನವರು ಬಂದರು. ಎಂಬತ್ತು ದಾಟಿದ ವೃದ್ಧೆ; ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮ. ಯಾರ ಮನೆಗೆ ಯಾವ ಊರಿನಿಂದ ನೆಂಟರು ಬಂದರು, ಯಾರ ಮಗನಿಗೆ ಎಲ್ಲಿ ಕೆಲಸವಾಯಿತು, ಯಾರ ಹಿತ್ತಲಿನ ಬಾವಿಗೆ ಯಾರ ಬೆಕ್ಕು ಬಿದ್ದಿತು ಎಂಬುದೆಲ್ಲ ಅವರಲ್ಲಿ ದಾಖಲಾಗಿರುತ್ತದೆ. ನಾವು ಅವರನ್ನು ಮನೆಯಲ್ಲಿ ಗುಟ್ಟಾಗಿ “ಆಕಾಶವಾಣಿ” ಎಂದು ಕರೆಯುತ್ತಿದ್ದೆವು. ಅಂದು ಅವರ ಕೈಯಲ್ಲಿ ಬಾಳೆಲೆ ಮುಚ್ಚಿದ ಹುಗ್ಗಿಯ ಬಟ್ಟಲಿತ್ತು.

“ಮಗು ಎಲ್ಲಿ, ರಾಯರೇ?”

“ಸ್ನಾನಕ್ಕೆ ಹೋಗಿದ್ದಾಳಮ್ಮಾ, ಬಟ್ಟಲು ಇಲ್ಲಿಡಿ.”

ಅವರು ಬಟ್ಟಲನ್ನು ಇಡಲಿಲ್ಲ. ತಲೆಯನ್ನು ಓರೆಮಾಡಿ ಕೇಳಿಸಿಕೊಂಡರು. “ನಾನು ಬಾಗಿಲಿಗೆ ರಂಗೋಲಿ ಎಳೆಯುವಾಗ ಮಗು ಬಚ್ಚಲಲ್ಲಿ ಹಾಡ್ಕೊಳ್ತಿತ್ತು. ಹಾಡು ನಿಂತು ಹೊತ್ತಾಯಿತು. ನೀರು ಮಾತ್ರ ಸುರೀತಾನೇ ಇದೆ. ಸ್ವಲ್ಪ ಕೂಗಿ ನೋಡಿ.”

ಕೂಗಿದೆವು. ಉತ್ತರವಿಲ್ಲ. ಬಾಗಿಲು ತಟ್ಟಿದೆವು. ಉತ್ತರವಿಲ್ಲ. ಆ ಮುದುಕಿಯ ಮುಖವನ್ನು ನೋಡಿದ ಮೇಲೆ ನಮಗೆ ಎಲ್ಲಿಂದ ಶಕ್ತಿ ಬಂದಿತೋ ತಿಳಿಯದು. ಮೂರನೆಯ ಒದೆತಕ್ಕೆ ಚಿಲಕ ಕಿತ್ತುಬಂದಿತು. ಮಗು ಗೋಡೆಗೊರಗಿ ಕುಸಿದಿದ್ದಳು. ಕಣ್ಣು ಮುಚ್ಚಿತ್ತು, ತಲೆಯ ಮೇಲೆ ಬಿಸಿನೀರು ಬೀಳುತ್ತಲೇ ಇತ್ತು, ಗೀಸರಿನಲ್ಲಿ ಜ್ವಾಲೆ ಉರಿಯುತ್ತಲೇ ಇತ್ತು. ಯಾವ ಹೊಗೆಯೂ ಇರಲಿಲ್ಲ, ಯಾವ ದುರ್ವಾಸನೆಯೂ ಇರಲಿಲ್ಲ. ಸೀಗೆಪುಡಿಯ ಪರಿಮಳವೊಂದೇ ಇತ್ತು.

ಮಗುವನ್ನು ಸೀರೆಯಲ್ಲಿ ಸುತ್ತಿ ಅಂಗಳಕ್ಕೆ ಹೊತ್ತುತಂದೆವು. ಗೀಸರನ್ನು ನಿಲ್ಲಿಸಿದವರು ದೊಡ್ಡಮ್ಮ. ಅವರ ಕೂಗಿಗೆ ಬೀದಿಯೇ ನೆರೆಯಿತು. ಮೂಲೆಮನೆಯ ಮೇಷ್ಟ್ರು 108ಕ್ಕೆ ಕರೆಮಾಡಿದರು. ಪಕ್ಕದ ಮನೆಯ ಹುಡುಗನು 2020ರ ಸಾಂಕ್ರಾಮಿಕದ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನಳೆಯುವ ಯಂತ್ರವನ್ನು ತಂದು ಮಗುವಿನ ಬೆರಳಿಗಿಟ್ಟು, “98 ಇದೆ, ತೊಂದರೆಯಿಲ್ಲ” ಎಂದನು. ನಮಗೆ ಹೋದ ಜೀವ ಬಂದಂತಾಯಿತು. ಆಂಬ್ಯುಲೆನ್ಸಿನಲ್ಲಿ ಬಂದಾತನು ಬಚ್ಚಲನ್ನೊಮ್ಮೆ ಇಣುಕಿ, ಗವಾಕ್ಷಿಯ ರಟ್ಟನ್ನು ನೋಡಿ, “ಈ ವಿಷಕ್ಕೆ ಆ ಯಂತ್ರವನ್ನು ನಂಬಬಾರದು” ಎಂದು ಅದನ್ನು ಕಿತ್ತು, ಮುಖಕ್ಕೆ ಆಮ್ಲಜನಕದ ಮುಸುಕನ್ನು ಹಾಕಿದನು. ಗಾಡಿ ಬೀದಿಯ ತುದಿಯನ್ನು ದಾಟುವಾಗ ಮಗು ಒಮ್ಮೆ ನರಳಿದಳು. ಆ ನರಳಿಕೆಗಿಂತ ಮಧುರವಾದ ಸ್ವರವನ್ನು ನಾವು ಈ ಜನ್ಮದಲ್ಲಿ ಕೇಳಿಲ್ಲ.

ಎರಡು ದಿನ ಆಸ್ಪತ್ರೆಯಲ್ಲಿದ್ದು ಅವಳು ಮನೆಗೆ ಬಂದಳು. ಈಗ ಸ್ವಸ್ಥಳಾಗಿದ್ದಾಳೆ, ಮೊದಲಿನಷ್ಟೇ ಮಾತು, ಮೊದಲಿಗಿಂತ ಹೆಚ್ಚು ಹಠ. ಬಿಡುಗಡೆಯ ದಿನ ವೈದ್ಯರು ನಮ್ಮನ್ನು ಕೂರಿಸಿ ವಿವರಿಸಿದುದನ್ನು ವಾಚಕರಿಗೂ ತಿಳಿಸುತ್ತೇವೆ. ಅನಿಲವು ಚೆನ್ನಾಗಿ ಉರಿಯಲು ಧಾರಾಳವಾಗಿ ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಜ್ವಾಲೆಯೇ ಅಲ್ಲಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಅದು ಸಾಲದೆ ಬಂದಾಗ ಉರಿ ಅರೆಯಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನಿಗೆ ಈ ವಿಷದ ಮೇಲೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಮೋಹ. ಆದುದರಿಂದ ವಿಷ ಸ್ವಲ್ಪವೇ ಇದ್ದರೂ ಅದು ಪೀಠವನ್ನಾಕ್ರಮಿಸಿ, ಆಮ್ಲಜನಕ ಹೊರಗೆ ನಿಲ್ಲಬೇಕಾಗುತ್ತದೆ. ಬೆರಳಿನ ಯಂತ್ರವಾದರೋ ಪೀಠ ತುಂಬಿದೆಯೆಂಬುದನ್ನು ಮಾತ್ರ ನೋಡುತ್ತದೆ. ಕುಳಿತವರು ಯಾರೆಂಬ ವಿಚಾರ ಅದಕ್ಕೆ ತಿಳಿಯದು. ಬರಿಯ ಗಾಳಿಯಲ್ಲಿದ್ದರೆ ರಕ್ತದ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಇಷ್ಟನ್ನು ಹೇಳಿ ವೈದ್ಯರು, “ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ...” ಎಂದು ನಿಲ್ಲಿಸಿದರು. ವಾಕ್ಯವನ್ನು ಅವರು ಮುಗಿಸಲಿಲ್ಲ. ನಾವು ರಾತ್ರಿಗಳಲ್ಲಿ ಅದನ್ನು ಬಹಳ ಸಲ ಮುಗಿಸಿಕೊಂಡಿದ್ದೇವೆ.

ನಮ್ಮ ತಂದೆಯವರ ಕಾಲದ ಬಚ್ಚಲು ನೆನಪಿಗೆ ಬರುತ್ತದೆ. ತಾಮ್ರದ ಹಂಡೆ, ಕೆಳಗೆ ಒಲೆ. ತೆಂಗಿನ ಗರಿ, ಕರಟ, ಹಸಿ ಸೌದೆ. ಹೊಗೆಗೆ ಕಣ್ಣುರಿದು ನೀರಿಳಿಯುತ್ತಿತ್ತು. ಹೊಗೆ ಹೋಗಲೆಂದೇ ಮಾಡಿಗೆ ಹತ್ತಿರ ಒಂದು ಕಿಂಡಿ. ಅದನ್ನು ಮುಚ್ಚಿದರೆ ಒಳಗೆ ನಿಲ್ಲುವ ಸಾಧ್ಯವೇ ಇರಲಿಲ್ಲ. ಆ ಒಲೆಯೂ ವಿಷವನ್ನು ಹುಟ್ಟಿಸುತ್ತಿತ್ತು. ಆದರೆ ಹೊಗೆ ಅದರ ಡಂಗುರ ಹೊಡೆಯುತ್ತಿತ್ತು. ಈಗಿನ ನೀಲಿ ಜ್ವಾಲೆ ಮೌನಿ. ಅಡುಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲವೆಂದು, ಸೋರಿದರೆ ತಿಳಿಯಲೆಂದು, ದುರ್ಗಂಧದ ವಸ್ತುವೊಂದನ್ನು ಅದಕ್ಕೆ ಬೆರೆಸಿರುತ್ತಾರೆ. ಅನಿಲ ಉರಿದಾಗ ಆ ಗಂಧವೂ ಉರಿದುಹೋಗುತ್ತದೆ; ಹುಟ್ಟುವ ವಿಷಕ್ಕೆ ಗುರುತೇ ಉಳಿಯುವುದಿಲ್ಲ. ನಮ್ಮ ಹಿರಿಯರು ಕಣ್ಣೀರು ಸುರಿಸಿ ಉಳಿದರು. ನಾವು ಸುಖವಾಗಿ ಸ್ನಾನಮಾಡುತ್ತ ಮಡಿಯುವ ಅಪಾಯವನ್ನು ತಂದುಕೊಂಡೆವು.

ಇಷ್ಟಾದ ಮೇಲೆ ಹಳೆಯ ಪ್ರಕಟನೆಗೆ ತಾರೀಖು ಬದಲಿಸುವುದು ಹೇಗೆ? ಈ ಸಲ ನಾವು ಹಲಗೆಗೆ ಬರೆದುಕೊಟ್ಟುದರ ಸಾರಾಂಶ ಹೀಗಿದೆ. ವಾಚಕರು ತಮ್ಮ ತಮ್ಮ ಬೀದಿಗಳಿಗೂ ಇದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಮೊದಲನೆಯದು: ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ಬಯಲು ಗಾಳಿಯಾಡುವ ಜಾಗದಲ್ಲಿರಲಿ, ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. ನಾವು ಹಾಗೆ ಮಾಡಿಸಿದ್ದೇವೆ. ಖರ್ಚಾದದ್ದು ಉಳಿಸಿದ ವಿದ್ಯುತ್ತಿನ ಹಣಕ್ಕಿಂತ ಕಡಮೆ. ಆ ಏರ್ಪಾಡಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟುಗಳನ್ನು ತುಂಬಿಸಿ, ಉರಿಯನ್ನಾರಿಸಿ, ಕೋಣೆಗೆ ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗತಕ್ಕದ್ದು. ಒಬ್ಬರ ಹಿಂದೊಬ್ಬರು ಹೋಗುವ ಮನೆಯಲ್ಲಿ ಕಡೆಯವರಿಗೆ ಅಪಾಯ ಹೆಚ್ಚು. ಜ್ವಾಲೆ ನೀಲಿಯಾಗಿರಬೇಕು, ಹಳದಿಗೆ ತಿರುಗಿದರೆ ಉರಿ ಕೆಟ್ಟಿದೆಯೆಂದು ತಿಳಿದು ದುರಸ್ತಿಯಾಗುವವರೆಗೆ ಹಚ್ಚಬಾರದು.

ಎರಡನೆಯದು: ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ಓಕರಿಕೆ, ಕಾಲುಗಳಲ್ಲಿ ಸೋಲು ಕಾಣಿಸಿಕೊಂಡು, ಹೊರಗೆ ಬಂದರೆ ಕಡಮೆಯಾಗುವುದಾದರೆ ಅದನ್ನು ಶೀತಜ್ವರವೆಂದು ಬಗೆದು ಕಷಾಯ ಕುಡಿಯುತ್ತ ಕೂರಬಾರದು. ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಬಿದ್ದು 108ಕ್ಕೋ 112ಕ್ಕೋ ಕರೆಮಾಡತಕ್ಕದ್ದು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನಾಗಲಿ ಕಾಫಿಯನ್ನಾಗಲಿ ಹುಯ್ಯಬಾರದು. ಅನಿಲ ಸೋರಿದ ವಾಸನೆ ಬಂದರೆ ವಿದ್ಯುತ್ತಿನ ಗುಂಡಿಗಳನ್ನು ಮುಟ್ಟದೆ, ಸಿಲಿಂಡರಿನ ಬಾಯಿ ಮುಚ್ಚಿ, ಹೊರಗೆ ಬಂದು 1906ಕ್ಕೆ ತಿಳಿಸತಕ್ಕದ್ದು.

ಮೂರನೆಯದು: ವಿದ್ಯುತ್ತಿನ ಗೀಸರುಳ್ಳವರು ನೀರು ಕಾದ ಮೇಲೆ ಗುಂಡಿಯನ್ನಾರಿಸಿಯೇ ಸ್ನಾನಕ್ಕಿಳಿಯಬೇಕು. ನೀರು ಕಾಯಿಸುವ ಸರಳನ್ನು ಬಕೆಟ್ಟಿನಲ್ಲಿ ಇಳಿಬಿಡುವವರು, ಬಿಸಿ ನೋಡಲು ಬೆರಳದ್ದುವ ಮೊದಲು ಪ್ಲಗ್ಗನ್ನು ಕೀಳಬೇಕು. ವಿದ್ಯುತ್ತು ಸೋರಿದರೆ ತಾನಾಗಿ ಸಂಪರ್ಕ ಕತ್ತರಿಸುವ ಯಂತ್ರವೊಂದುಂಟು; 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಅದು ಕೆಲಸ ಮಾಡುತ್ತದೆ. ಅದಿಲ್ಲದ ಮನೆಗಳು ಬೇಗನೆ ಹಾಕಿಸಿಕೊಳ್ಳಲಿ.

ನಾಲ್ಕನೆಯದು ನಮ್ಮಂಥ ವೃದ್ಧರಿಗೆ. ಚಳಿಗೆ ರಕ್ತನಾಳಗಳು ಬಿಗಿದು ರಕ್ತದ ಒತ್ತಡ ಏರುವುದುಂಟು. ಕಹಳೆ ಬಂಡೆಯ ಉದ್ಯಾನದಲ್ಲಿ ನಾಲ್ಕೂವರೆಗೇ ನಡೆಯತೊಡಗುವುದು ಶೌರ್ಯವೆಂದು ನಾವು ಭಾವಿಸಿದ್ದೆವು. ಬಿಸಿಲು ಬಂದ ಮೇಲೆ ನಡೆದರೂ ಕಾಲುಗಳು ಬೇಡವೆನ್ನುವುದಿಲ್ಲ. ಚಳಿಯ ಮುಂಜಾನೆಗಳಲ್ಲಿ ತಣ್ಣನೆಯ ಗಾಳಿ ನೆಲದ ಬಳಿಯೇ ನಿಂತು, ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳದಂತಾಗುತ್ತದೆ. ವಾಹನಗಳ ಹೊಗೆಯೂ ಸುಟ್ಟ ಎಲೆಗಳ ಹೊಗೆಯೂ ಅದರಡಿಯಲ್ಲಿ ತಂಗುತ್ತವೆ. ಉಬ್ಬಸದವರಿಗೆ ಅದು ಕಂಟಕ. ಮಂಜಿನಲ್ಲಿ ವಾಹನ ನಡೆಸುವವರು ದೀಪವನ್ನು ತಗ್ಗಿಸಿಕೊಳ್ಳಬೇಕು; ಎತ್ತರದ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಹಿಂದಿರುಗುತ್ತದೆ.

ಐದನೆಯ ನಿಯಮ ಅಗ್ಗಿಷ್ಟಿಕೆಯದು. ಇದನ್ನು ಬರೆಯುವಾಗ ಮಾತ್ರ ನಮ್ಮ ಲೇಖನಿ ತಡೆಯಿತು. ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಮಹಡಿಗಳನ್ನು ಕಟ್ಟುತ್ತಿದ್ದಾರೆ. ಅಲ್ಲಿ ಕಾವಲಿಗಿರುವ ದಂಪತಿಗಳು ಎರಡು ಮಕ್ಕಳೊಡನೆ ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದಾರೆ. ಉತ್ತರ ಕರ್ನಾಟಕದ ಕಡೆಯವರು. ತಗಡು ಹಗಲಲ್ಲಿ ಸುಡುತ್ತದೆ, ರಾತ್ರಿಯಲ್ಲಿ ಕೊರೆಯುತ್ತದೆ. ಮೊಮ್ಮಗಳ ಪ್ರಸಂಗವಾದ ಕೆಲವು ದಿನಗಳ ಮೇಲೆ ಸಂಜೆ ಆ ಕಡೆ ಹೋದಾಗ, ಆ ಹೆಂಗಸು ಬಾಣಲೆಯಲ್ಲಿ ಕೆಂಡವನ್ನು ತುಂಬಿ ಒಳಗೆ ಒಯ್ಯುತ್ತಿದ್ದುದನ್ನು ಕಂಡೆವು. ಬಾಗಿಲಿನ ಸಂದಿಗೆ ಗೋಣಿಚೀಲವನ್ನು ತುರುಕಿದ್ದರು. ನಾವು ಗವಾಕ್ಷಿಗೆ ಪತ್ರಿಕೆ ತುರುಕಿದ ಹಾಗೆಯೇ. ಕೆಂಡದಲ್ಲಿ ಹೊಗೆಯಡಗಿದ ಮಾತ್ರಕ್ಕೆ ವಿಷವಡಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರು ಬೆಳಿಗ್ಗೆ ಏಳದಿರುವ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದವರೇ.

“ಒಳಗೆ ಇಡಬೇಡಮ್ಮಾ” ಎಂದೆವು.

“ಮತ್ತ ಚಳಿಗೆ ಏನ್ ಮಾಡೋದ್ರೀ, ಯಜಮಾನ್ರ? ಸಣ್ಣ ಕೂಸು ರಾತ್ರಿ ಎಲ್ಲಾ ನಡುಗತೈತ್ರಿ” ಎಂದಳು.

ಆ ಪ್ರಶ್ನೆಗೆ ನಮ್ಮಲ್ಲಿ ನಿಯಮವಿರಲಿಲ್ಲ. ಮನೆಗೆ ಬಂದು ದೊಡ್ಡಮ್ಮನವರಿಗೆ ಹೇಳಿದೆವು. ಅವರಿಗೆ ಹೇಳಿದರೆ ಬೀದಿಗೆ ಹೇಳಿದಂತೆಯೇ. ಮರುದಿನ ಸಂಜೆಯೊಳಗೆ ನಾಲ್ಕು ಕಂಬಳಿ, ಎರಡು ಹಾಸಿಗೆ, ಮಕ್ಕಳ ಸ್ವೆಟರುಗಳು, ತಗಡಿನ ಒಳಮೈಗೆ ಹೊಡೆಯಲು ಹಳೆಯ ರಟ್ಟುಗಳು ಕೂಡಿದುವು. ನಮ್ಮ ಗವಾಕ್ಷಿಯ ರಟ್ಟೂ ಅವುಗಳಲ್ಲಿ ಸೇರಿತು. ಶೆಡ್ಡಿನ ಮೇಲ್ಗಡೆಯ ಸಂದಿಯನ್ನು ಮಾತ್ರ ಬಿಟ್ಟೇ ಹೊಡೆಸಿದೆವು. ಕೆಂಡ ಹೊರಗೆ ಅಂಗಳದಲ್ಲಿ ಉಳಿಯಿತು. ಹಳ್ಳಿಗಳಲ್ಲಿ ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದು ಬಯಲಿನಲ್ಲಿಯೇ ಅಲ್ಲವೆ? ಬೆಂಕಿಯ ಸ್ಥಾನ ಆಕಾಶದ ಕೆಳಗೆ. ಆದರೆ ಇಷ್ಟನ್ನೂ ವಾಚಕರು ಗಮನಿಸಬೇಕು: ಕಂಬಳಿ ಕೊಡದೆ, ಕೆಂಡ ಇಡಬೇಡವೆಂದು ಹೇಳುವುದು ನಿಯಮವಾಗದು, ಅದು ಬರಿಯ ಉಪದೇಶ.

ಆರನೆಯದು ಕಡೆಯದು, ನಮ್ಮ ದೃಷ್ಟಿಯಲ್ಲಿ ಅದೇ ಮೊದಲನೆಯದಾಗಬೇಕಾಗಿತ್ತು. ಬೀದಿಯ ಸಮಾಚಾರವೆಂದರೆ ನಮಗೆ ಬಹುಕಾಲ ಒಂದು ತಾತ್ಸಾರವಿತ್ತು. ಪರರ ಮನೆಯ ಸುದ್ದಿ ನಮಗೇಕೆ ಎಂಬುದು ನಾಗರಿಕರ ಲಕ್ಷಣವೆಂದು ನಂಬಿದ್ದೆವು. ಮೂವತ್ತು ಅಡಿ ದೂರದಲ್ಲಿ ಕುಳಿತು ದೇಶದೇಶಾಂತರಗಳ ವೃತ್ತಾಂತವನ್ನು ಓದುತ್ತಿದ್ದ ನಮಗೆ ಸ್ವಂತ ಮೊಮ್ಮಗಳ ಹಾಡು ನಿಂತುದು ಕೇಳಿಸಲಿಲ್ಲ. ಬೀದಿಯ ಆಚೆ ರಂಗೋಲಿಯೆಳೆಯುತ್ತಿದ್ದ ಮುದುಕಿಗೆ ಕೇಳಿಸಿತು. ಅವರ ಕಿವಿ ನಮ್ಮದಕ್ಕಿಂತ ಚುರುಕೇನೂ ಅಲ್ಲ. ಅವರು ನಮ್ಮ ಮನೆಯ ಕಡೆಗೆ ಕಿವಿಗೊಟ್ಟಿದ್ದರು, ಅಷ್ಟೆ. ಈಗ ಈ ನಗರದಲ್ಲಿ ಮಹಡಿಯ ಮೇಲೆ ಮಹಡಿಯಾಗಿ ನೂರಾರು ಸಂಸಾರಗಳು ಒಂದೇ ಸೂರಿನಡಿಯಲ್ಲಿವೆ. ಮಕ್ಕಳು ಹೊರದೇಶಗಳಲ್ಲಿದ್ದು ತಂದೆತಾಯಿಗಳು ಒಂಟಿಯಾಗಿರುವ ಮನೆಗಳು ನಮ್ಮ ಪುಟ್ಟ ಬೀದಿಯಲ್ಲಿಯೇ ಐದಿವೆ. ಅಂಥ ಮನೆಯೊಳಗೆ ಹಾಡು ನಿಂತರೆ ಕೇಳಿಸಿಕೊಳ್ಳುವವರು ಯಾರು?

ಆದುದರಿಂದ ಈ ಸಲದ ಪ್ರಕಟನೆಯಲ್ಲಿ ಹೀಗೆ ಬರೆದೆವು: “ಬೆಳಗಿನ ಎಂಟು ಗಂಟೆಯಾದರೂ ಯಾವುದೇ ಮನೆಯ ಬಾಗಿಲಿಗೆ ತೂಗುಹಾಕಿದ ಹಾಲಿನ ಚೀಲವನ್ನು ಒಳಗೆ ತೆಗೆದುಕೊಳ್ಳದಿದ್ದರೆ, ಅಕ್ಕಪಕ್ಕದವರು ಸಂಕೋಚಪಡದೆ ಕರೆಗಂಟೆ ಒತ್ತತಕ್ಕದ್ದು. ಊರಿಗೆ ಹೋಗುವವರು ನೆರೆಯವರಿಗೆ ತಿಳಿಸಿ ಹೋಗತಕ್ಕದ್ದು.” ಕಾರ್ಯದರ್ಶಿಗಳು ಓದಿ, “ಇದು ಸುರಕ್ಷತೆಯ ನಿಯಮವೋ, ಹಾಲಿನ ನಿಯಮವೋ, ಸಾರ್?” ಎಂದು ನಕ್ಕರು. ಆದರೂ ಅಂಟಿಸಿದರು.

ನಿಯಮದ ಪ್ರಥಮ ಫಲ ನಿಯಮ ಬರೆದವರಿಗೇ ದೊರೆಯಿತು. ಪರಿಷೆಯಲ್ಲಿ ಅಲೆದು, ಹುರಿದ ಕಡಲೆಕಾಯಿಯನ್ನು ಮಿತಿಮೀರಿ ತಿಂದು, ರಾತ್ರಿ ತಡವಾಗಿ ಮಲಗಿದ ನಾವು ಮರುದಿನ ಎಂಟು ಗಂಟೆ ಐದು ನಿಮಿಷಕ್ಕೆ ಇನ್ನೂ ನಿದ್ರೆಯಲ್ಲಿದ್ದೆವು. ಮನೆಯವರೆಲ್ಲ ತುಮಕೂರಿನ ಮದುವೆಗೆ ಹೋಗಿದ್ದರು, ನೆರೆಯವರಿಗೆ ತಿಳಿಸಿರಲಿಲ್ಲ. ಕರೆಗಂಟೆ ಒಂದೇ ಸಮನೆ ಮೊಳಗಿತು. ಬಾಗಿಲು ತೆರೆದರೆ ಮೂಲೆಮನೆಯ ಮೇಷ್ಟ್ರು, ಪಕ್ಕದ ಮನೆಯ ಹುಡುಗ, ಕಾವಲುಗಾರನ ಹೆಂಡತಿ, ಚಿಲಕ ಮುರಿಯಲು ಸಿದ್ಧವಾದ ಒಂದು ಹಾರೆ, ಎಲ್ಲರ ಮುಂದೆ ದೊಡ್ಡಮ್ಮ.

“ಹಾಲು ಒಡೆದುಹೋಗುತ್ತೆ, ರಾಯರೇ” ಎಂದು ಚೀಲವನ್ನು ನಮ್ಮ ಕೈಗಿತ್ತು ಅವರು ತಮ್ಮ ರಂಗೋಲಿಗೆ ಹಿಂದಿರುಗಿದರು.

ಧನುರ್ಮಾಸ ಮತ್ತೆ ಹತ್ತಿರ ಬಂದಿದೆ. ಗೀಸರು ಹೊರಗೆ ಹೋದುದರಿಂದ ಇನ್ನು ಗವಾಕ್ಷಿಯನ್ನು ಮುಚ್ಚಬಹುದಲ್ಲವೆ ಎಂದು ಮನೆಯಾಕೆ ಕೇಳಿದಳು. ಕೂಡದೆಂದೆವು. ದಿನವೂ ಬೆಳಿಗ್ಗೆ ಗಾಳಿ ಬಂದು ಅದೇ ಎಡ ಹೆಗಲಿಗೆ ಬಡಿಯುತ್ತದೆ, ಹೆಗಲು ನೋಯುತ್ತದೆ. ನೋಯಲಿ. ಆಮೇಲೆ ಮೊಮ್ಮಗಳು ಸ್ನಾನಕ್ಕೆ ಹೋಗುತ್ತಾಳೆ. ಅವಳ ಹಾಡು ಆ ಗವಾಕ್ಷಿಯಿಂದ ಹೊರಟು ಬೀದಿಯ ಆಚೆಯವರೆಗೂ ಕೇಳಿಸುತ್ತದೆ.